ಕೊಡೆಯ ಹೊರಗೆ ನಿಂತವರು

"ಕೇಳ್ರಪ್ಪೋ ಕೇಳ್ರಿ! ದೊರೆ ವೀರನೃಪರು ಮೂರು ಒಗಟು ಹಾಕ್ತಾರೆ. ಬಿಡಿಸಿದವರು ಕೇಳಿದ್ದು ಕೊಡ್ತಾರೆ. ತಪ್ಪಿದವರಿಗೆ ತಲೆದಂಡ!"

ಹೊಂಬಾಳೆಪಟ್ಟಣದ ಬೀದಿಯಲ್ಲಿ ಡಂಗುರದವನು ಹೀಗೆ ಸಾರುತ್ತಾ ಹೋದಾಗ, ಚಾಪೆ ಹೆಣೆಯುವ ಚೆನ್ನಿಗ ತನ್ನ ಅಕ್ಕ ಹೊನ್ನವ್ವನ ಹಣೆಗೆ ಅರಿಶಿನ ಮೆತ್ತುತ್ತಿದ್ದ. ಹೊನ್ನವ್ವನದು ಹುಟ್ಟುಗೂನು. ಅವಳು ಎದುರಾದರೆ ಅಪಶಕುನವೆಂದು ಹಿಂದಿನ ವಾರ ಯಾರೋ ಪುಣ್ಯಾತ್ಮ ಕಲ್ಲು ಬೀಸಿದ್ದ.

ಆ ರಾಜ್ಯದಲ್ಲಿ ಕಟ್ಟಳೆ ಇರಲಿಲ್ಲವೆಂದಲ್ಲ. ದೇವರು ಬೇರೆ, ಭಾಷೆ ಬೇರೆ ಎಂಬ ದ್ವೇಷಕ್ಕೆ ಯಾರನ್ನಾದರೂ ಹೊಡೆದರೆ ಇಮ್ಮಡಿ ಶಿಕ್ಷೆ. ಪ್ರತಿ ಸಂತೆ ಶುರುವಾಗುವ ಮೊದಲು ಅದನ್ನು ಕೂಗಿ ಹೇಳುವುದು ಅಲ್ಲಿಯ ಪದ್ಧತಿ. ಆದರೆ ಚೆನ್ನಿಗ ದೂರು ಒಯ್ದಾಗ ಚಾವಡಿಯವನು, "ಕಟ್ಟಳೆಯಲ್ಲಿ ಗೂನಿನ ಮಾತೇ ಇಲ್ಲವಲ್ಲಯ್ಯ" ಎಂದು ಕೈ ಚೆಲ್ಲಿದ. ಕಲ್ಲೆಸೆದವನು ಎರಡು ಬೈಗುಳ ತಿಂದು, ಮನೆಗೆ ಹೋಗಿ ಹೊಟ್ಟೆ ತುಂಬ ಉಂಡ. ಹೊನ್ನವ್ವ ಮಾತ್ರ ಹೊಸಿಲು ದಾಟುವುದನ್ನೇ ಬಿಟ್ಟಳು.

"ಅರಮನೆಗೆ ಹೋಗಿಬರ್ತೀನಿ ಅಕ್ಕ" ಎಂದ ಚೆನ್ನಿಗ.

"ನಿನ್ನ ತಲೆ ನಿನಗೆ ಭಾರವಾಯ್ತೇನೋ?"

"ನಿನ್ನ ತಲೆ ಒಡೆಯೋ ಊರಲ್ಲಿ ನನ್ನದೊಂದು ಇಟ್ಕೊಂಡು ಏನು ಮಾಡ್ಲಿ?"

ಅರಮನೆಯಲ್ಲಿ ಆಗಲೇ ಜಾಣರ ಸಂತೆ ನೆರೆದಿತ್ತು. ದೊರೆ ಮೊದಲ ಒಗಟು ಹಾಕಿದ: "ಕಲ್ಲು ಒಂದೇ, ಬಿದ್ದದ್ದು ಒಂದೇ ಮೈಮೇಲೆ. ನೋವು ಮಾತ್ರ ಎಷ್ಟೋ ಮನೆಗಳಲ್ಲಿ. ಯಾವ ಕಲ್ಲು ಅದು?" ದಳವಾಯಿ ಮೀಸೆ ತಿರುವಿ "ಕವಣೆಕಲ್ಲು" ಎಂದ. ಭಟರು ಮೀಸೆಯ ಸಮೇತ ಅವನನ್ನು ಸೆರೆಮನೆಗೆ ಒಯ್ದರು.

ಚೆನ್ನಿಗನಿಗೆ ಯೋಚಿಸಬೇಕಾಗಲೇ ಇಲ್ಲ. "ದ್ವೇಷದ ಕಲ್ಲು ಬುದ್ಧೀ. ನಮ್ಮಕ್ಕನಿಗೆ ಬಿತ್ತು. ಅವತ್ತಿಂದ ಊರಿನ ಗೂನಿನವರೆಲ್ಲ ಬಾಗಿಲು ಹಾಕ್ಕೊಂಡವ್ರೆ."

ದೊರೆ ತಲೆದೂಗಿ ಎರಡನೆಯದನ್ನು ಹಾಕಿದ: "ಹೊಸಬರು ಎಷ್ಟು ಬಂದರೂ ಹಳಬರು ನೆನೆಯದ ಕೊಡೆ ಯಾವುದು?"

"ಆಕಾಶ!" ಎಂದರು ಆಸ್ಥಾನ ಪಂಡಿತರು ಆತುರವಾಗಿ.

"ಮಳೆ ಸುರಿಸುವುದೇ ಅದಲ್ಲವೇ ಪಂಡಿತರೇ" ಎಂದು ದೊರೆ ನಕ್ಕ. ಪಂಡಿತರೂ ಸೆರೆಮನೆ ಸೇರಿದರು.

"ತಮ್ಮ ಕಟ್ಟಳೆ ಬುದ್ಧೀ," ಎಂದ ಚೆನ್ನಿಗ. "ನಮ್ಮಕ್ಕ ಅದರಡಿಗೆ ಬಂದರೆ ಮೊದಲೇ ನಿಂತವರು ಯಾರೂ ನೆನೆಯೋದಿಲ್ಲ."

ದೊರೆಯ ಮುಖ ಗಂಭೀರವಾಯಿತು. "ಸರಿ, ಇದು ಕೊನೆಯ ಒಗಟು: ಆ ಕೊಡೆಯ ಹೊರಗೆ ನಿಂತವರೆಲ್ಲ ಯಾರು? ಒಬ್ಬರನ್ನು ಬಿಟ್ಟರೂ ತಲೆ ಹೋದೀತು."

ಮುದಿ ಮಂತ್ರಿ ಮುಂದೆ ಬಂದು ಕುಂಟರು, ಕುರುಡರು, ಅಲೆಮಾರಿಗಳು ಎಂದು ಎಣಿಸುತ್ತಾ ಹೋದ. ಉಸಿರು ಕಟ್ಟುವವರೆಗೂ ಎಣಿಸಿದ. ಬೆನ್ನ ಹಿಂದೆಯೇ ನಿಂತಿದ್ದ, ಮಾತು ಬಾರದ ತನ್ನ ಮಗಳನ್ನೇ ಮರೆತ. ಅವಳು ಅಪ್ಪನ ತೋಳು ಹಿಡಿದಾಗ ಅವನು ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಈಗ ಚೆನ್ನಿಗನ ಸರದಿ. ಮಂತ್ರಿಗೇ ತಿಳಿಯದ್ದು ತನಗೆ ಹೇಗೆ ತಿಳಿದೀತು? ಸುಳ್ಳು ಲೆಕ್ಕ ಒಪ್ಪಿಸಲು ಮನಸ್ಸಾಗಲಿಲ್ಲ.

"ನನಗೆ ಗೊತ್ತಿಲ್ಲ ಬುದ್ಧೀ. ನಾನು ಕಂಡಿರೋದು ನಮ್ಮಕ್ಕನ್ನ ಮಾತ್ರ. ಒಳಗೆ ಕೂತವರಿಗೆ ಹೊರಗೆ ನಿಂತವರು ಕಾಣಲ್ಲ. ಬಾಗಿಲು ತೆಗೆಸಿ, ಅವರೇ ಬಂದು ಹೇಳ್ತಾರೆ."

ದೊರೆ ಸಿಂಹಾಸನದಿಂದಿಳಿದು ಬಂದು ಅವನ ಭುಜ ಹಿಡಿದ. "ಇದೇ ಉತ್ತರ ಕಣಪ್ಪ. ಕಟ್ಟಳೆ ಹಿಗ್ಗಿಸಬೇಕೆಂದು ನನಗೂ ಗೊತ್ತಿತ್ತು, ಎಲ್ಲಿಯವರೆಗೆ ಎಂಬುದು ಗೊತ್ತಿರಲಿಲ್ಲ. ಏನು ಬೇಕು, ಕೇಳು."

"ಅಕ್ಕನ್ನ ಕಟ್ಟಳೆಗೆ ಸೇರಿಸಿ. ಹೊರಗಿರೋ ಮಿಕ್ಕವರನ್ನೂ ಸೇರಿಸಿ. ಸೆರೆಮನೆಯಲ್ಲಿರೋ ಜಾಣರನ್ನ ಬಿಟ್ಟುಬಿಡಿ."

ಜಾಣರಿಗೆ ತಲೆ ಉಳಿಯಿತು, ಕೂದಲು ಮಾತ್ರ ದಂಡವಾಗಿ ಹೋಯಿತು. ಅರಮನೆಯ ಬಾಗಿಲು ತೆರೆಯಿತು. ಗೂನಿನವರು ಬಂದರು, ಮಾತು ಬಾರದವರು ಬಂದರು, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರು ಬಂದರು, ಯಾರ ಲೆಕ್ಕಕ್ಕೂ ಸಿಗದವರೂ ಬಂದರು. ಮುಂದಿನ ಸಂತೆಯಲ್ಲಿ ಅವರನ್ನೆಲ್ಲ ಕಟ್ಟಳೆಗೆ ಸೇರಿಸಿ ಕೂಗುವಷ್ಟರಲ್ಲಿ ಡಂಗುರದವನ ಗಂಟಲು ಒಣಗಿತು. ಮಜ್ಜಿಗೆ ಕುಡಿದು ಮತ್ತೆ ಕೂಗಿದ.

ಅವತ್ತೇ ಹೊನ್ನವ್ವ ಒಬ್ಬಳೇ ಸಂತೆಗೆ ಹೋದಳು. ಚೆನ್ನಿಗ ಬಾಗಿಲಲ್ಲಿ ಜೀವ ಕೈಯಲ್ಲಿ ಹಿಡಿದು ಕಾಯುತ್ತಿದ್ದ. ಅವಳು ಮುಖ ಕೆಂಪಗೆ ಮಾಡಿಕೊಂಡು ಹಿಂದಿರುಗಿದಳು.

"ಯಾರಾದ್ರೂ ಏನಾದ್ರೂ ಅಂದ್ರಾ ಅಕ್ಕ?"

"ಅಂದ್ರಾ ಅಂತೀಯಾ? ಬದನೆಕಾಯಿಯವಳು ಬಾಯಿಗೆ ಬಂದ ಹಾಗೆ ಬೈದಳು. ಎಲ್ಲಾ ಕಾಯಿ ಹಿಸುಕಿ ಹಾಳು ಮಾಡ್ದೆ ಅಂತ!" ಎಂದು ಹೊನ್ನವ್ವ ಚೀಲ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಎಲ್ಲರಿಗೂ ಬೈಯೋ ಹಾಗೇ ಬೈದಳು ಕಣೋ!"