ಅರಿಶಿನದ ಐದು ಬೆರಳು

"ಗುರುಗಳೇ, ಬಾವಿಯ ನೀರಿನ ಸರದಿಗಾಗಿ ಜಗಳವಾಡಿದ ಆ ಅಣ್ಣತಮ್ಮಂದಿರನ್ನು ಒಂದು ಮಾಡಲು ಹೊರಟೆ. ದಿನವೂ ಬೆಳಿಗ್ಗೆ ಅಣ್ಣನ ಮನೆಗೆ ಹೋಗುತ್ತೇನೆ, ಅಲ್ಲಿಂದ ನೇರವಾಗಿ ತಮ್ಮನ ಮನೆಗೆ. ಯಾರ ಪಕ್ಷವನ್ನೂ ಹಿಡಿದಿಲ್ಲ. ಆದರೂ ಜಗಳ ಬೆಳೆಯುತ್ತಲೇ ಇದೆ. ಮೊದಲು ಇಬ್ಬರೇ ಇದ್ದರು. ಈಗ ಹೆಂಗಸರು ಮಾತು ಬಿಟ್ಟಿದ್ದಾರೆ, ಮಕ್ಕಳು ಕಲ್ಲು ಹಿಡಿದಿದ್ದಾರೆ. ಇದನ್ನು ಹಬ್ಬಿಸುತ್ತಿರುವವರು ಯಾರು?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ರೈತ ಹೆಂಗಸಿದ್ದಳು. ಗಂಡ ತೀರಿಹೋಗಿದ್ದ. ತುಂಡು ಹೊಲ, ಒಬ್ಬಳು ಮಗಳು, ಹಿತ್ತಿಲಲ್ಲಿ ಒಂದಿಷ್ಟು ಕೋಳಿ. ಮಗಳ ಮದುವೆಯನ್ನು ಮಾಡಿದವಳೂ ಮನೆಯ ಗೋಡೆಯನ್ನು ಎತ್ತಿದವಳೂ ಅವಳೊಬ್ಬಳೇ. ಅದರ ಹೆಮ್ಮೆ ಅವಳಿಗಿತ್ತು. ಇರಬೇಕಾದದ್ದೇ.

ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಳು. ಬಾಣಂತಿಗೆ ನಾಟಿ ಕೋಳಿಯ ಸಾರು ಬೇಕು, ಮೊಟ್ಟೆ ಬೇಕು. ಅದಕ್ಕೆಂದೇ ತಾಯಿ ಹೇಂಟೆಗಳನ್ನು ಕಾದಿಟ್ಟಿದ್ದಳು. ಹಬ್ಬ ಬಂದರೂ ಕುಯ್ದಿರಲಿಲ್ಲ, ನೆಂಟರು ಬಂದರೂ ಕುಯ್ದಿರಲಿಲ್ಲ. ಜಿಪುಣಿ ಅನ್ನಿಸಿಕೊಂಡಿದ್ದಳು. ಅನ್ನಲಿ ಎಂದು ಸುಮ್ಮನಿದ್ದಳು.

ಒಂದು ಬೆಳಿಗ್ಗೆ ಹುಂಜ ಕೂಗಲಿಲ್ಲ.

ಹೋಗಿ ನೋಡಿದಳು. ಹಿಂದಿನ ಸಂಜೆಯಷ್ಟೇ ನಾಯಿಯ ಮೇಲೆ ಹಾರಿ ಬಿದ್ದಿದ್ದ ಹುಂಜ ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ನಿಂತಿತ್ತು. ಕಣ್ಣು ಮುಚ್ಚಿತ್ತು. ಜುಟ್ಟು ಕಪ್ಪಿಟ್ಟಿತ್ತು. ಕಾಳು ಸಿಕ್ಕಿಕೊಂಡಿದೆಯೇ ಎಂದು ಕತ್ತಿನ ಬುಡದ ಮೇವಿನ ಚೀಲವನ್ನು ಒತ್ತಿದಳು. ಚೀಲ ಖಾಲಿ. ಏನಾದರೂ ಕಡಿದಿದೆಯೇ ಎಂದು ಪುಕ್ಕ ಸರಿಸಿ ಕಾಲು, ಎದೆ ತಡವಿದಳು. ಗಾಯವಿಲ್ಲ. ಕೊಕ್ಕು ಬಿಡಿಸಿದಳು. ಲೋಳೆ ಇಳಿಯಿತು, ಗಂಟಲು ಗೊರಗುಟ್ಟಿತು. ಕೊನೆಗೆ ನೆಲ ನೋಡಿದಳು. ಹಿಕ್ಕೆ ಹಸಿರಾಗಿತ್ತು. ಒಂದಕ್ಕೆ ಬಂದರೆ ಕೇರಿಯ ಕೋಳಿಗಳನ್ನೆಲ್ಲ ಹೊತ್ತೊಯ್ಯುವ ರೋಗ ಅದು.

ಪಕ್ಕದ ಮನೆಯವಳು ಬೇಲಿಯ ಮೇಲಿಂದ ಇಣುಕಿದಳು.

"ಅಕ್ಕಾ, ಅದು ಉಳಿಯೋದಿಲ್ಲ. ಸಾಯೋ ಮುಂಚೆ ಕುಯ್ದುಬಿಡು. ಮಸಾಲೆ ನಾನೇ ಅರೆದುಕೊಡ್ತೀನಿ."

"ನೀನು ಅರೆಯೋದೂ ಬೇಡ, ನನ್ನ ಹಿತ್ತಿಲಿಗೆ ಕಣ್ಣು ಹಾಕೋದೂ ಬೇಡ. ನನ್ನ ಹುಂಜ. ನಾನೇ ಬದುಕಿಸಿಕೊಳ್ತೀನಿ."

ಹುಂಜವನ್ನು ಹುಲ್ಲಿನ ಬಣವೆಯ ಆಚೆಗೆ ಒಯ್ದು ಬುಟ್ಟಿ ಕವುಚಿ ಬೇರೆ ಇಟ್ಟಳು. ಅಲ್ಲಿಯವರೆಗೆ ಅವಳು ಮಾಡಿದ್ದೆಲ್ಲ ಸರಿಯಾಗಿತ್ತು. ಬೆಳ್ಳುಳ್ಳಿ, ಮೆಣಸು ಅರೆದು ಕೊಕ್ಕಿಗೆ ಹಾಕಿದಳು. ಗಂಜಿ ಕುಡಿಸಿದಳು. ಹಸಿ ಅರಿಶಿನ ತೇಯ್ದು ತಲೆಯಿಂದ ಕಾಲಿನವರೆಗೆ ಬಳಿದಳು. ಎದ್ದ ಕೂಡಲೇ ಅದರ ಹತ್ತಿರ ಓಡುವಳು. ಅಲ್ಲಿಂದ ಬಂದು ಹೇಂಟೆಗಳಿಗೆ ಮುದ್ದೆ ಕಿವುಚಿ ಹಾಕುವಳು. ಸಂಜೆ ಹುಂಜಕ್ಕೆ ಮತ್ತೆ ಅರಿಶಿನ ಬಳಿದು ಬಂದು ಹೇಂಟೆಗಳನ್ನು ಒಂದೊಂದಾಗಿ ಎತ್ತಿ ಗೂಡಿಗೆ ಬಿಡುವಳು. ಬೇರೆ ಯಾರೂ ಮುಟ್ಟಕೂಡದು. ಮಗಳೂ ಮುಟ್ಟಕೂಡದು.

ಒಂದು ಹೇಂಟೆ ತೂಕಡಿಸಿತು. ಮರುದಿನ ಸತ್ತಿತು. ಇನ್ನೊಂದು ಕತ್ತು ತಿರುಚಿಕೊಂಡು ಬಿತ್ತು.

ಅವಳಿಗೆ ದಿಕ್ಕು ತೋಚಲಿಲ್ಲ. ಹುಂಜ ಬುಟ್ಟಿ ಬಿಟ್ಟು ಕದಲಿಲ್ಲ. ಹೇಂಟೆಗಳು ಬಣವೆ ದಾಟಿಲ್ಲ. ಹಾಗಾದರೆ ರೋಗ ಬಂದದ್ದು ಹೇಗೆ? ಬೇಲಿಯ ಕಡೆ ನೋಡಿದಳು. ಪಕ್ಕದವಳ ಕೋಳಿಗಳು ಗಟ್ಟಿಮುಟ್ಟಾಗಿ ಕೆದಕುತ್ತಿದ್ದವು. ಅದೇ ಅವಳಿಗೆ ಸಾಕ್ಷಿಯಾಯಿತು. ಹುಂಜವನ್ನು ಕುಯ್ಯಲಿಲ್ಲವೆಂಬ ಹೊಟ್ಟೆಕಿಚ್ಚಿಗೆ ಪಕ್ಕದವಳೇ ಏನೋ ಎಸೆದಿದ್ದಾಳೆ ಎಂದುಕೊಂಡಳು. ಬೇಲಿಗೆ ಮುಳ್ಳು ಜಡಿದಳು. ಆ ರಾತ್ರಿ ಮತ್ತೊಂದು ಸತ್ತಿತು.

ಬೆಳಗಾಗುತ್ತಲೇ ಮಗಳಿಗೆ ನೋವು ಶುರುವಾಯಿತು. ಹೆರಿಗೆಗೆ ಕೈ ಹಾಕುವವಳು ಆ ಕೇರಿಯಲ್ಲಿ ಪಕ್ಕದ ಮನೆಯವಳೊಬ್ಬಳೇ. ಅವಳನ್ನು ಕರೆಯಲು ಮನಸ್ಸಾಗದೆ ತಾಯಿ ಹಿತ್ತಿಲಿಗೆ ಹೋಗಿ ಗೂಡಿನ ಬಾಗಿಲು ತೆಗೆದಳು. ಬಾಣಂತಿಗೆಂದು ಎಲ್ಲಕ್ಕಿಂತ ಚೆನ್ನಾಗಿ ಸಾಕಿದ್ದ ಬಿಳಿ ಹೇಂಟೆ ಸೆಟೆದು ಬಿದ್ದಿತ್ತು. ಅವಳಿಗೆ ಸಿಟ್ಟು ನೆತ್ತಿಗೇರಿತು. ಸತ್ತ ಹೇಂಟೆಯ ಕಾಲು ಹಿಡಿದುಕೊಂಡು ಪಕ್ಕದ ಮನೆಯ ಅಂಗಳಕ್ಕೆ ನುಗ್ಗಿದಳು. ಅದನ್ನು ಹೊಸಿಲ ಮೇಲೆ ಎಸೆದು, ಮಣ್ಣು ತೂರಿ ಶಾಪ ಹಾಕುವುದೆಂದು ಹೊರಟಿದ್ದಳು. ಅಂಗಳದ ಕೋಳಿಗಳು ಅವಳ ಕಾಲಿನ ಸುತ್ತ ಕಾಳು ಆಯುತ್ತಿದ್ದವು.

ಪಕ್ಕದವಳು ಕಸಪೊರಕೆ ಹಿಡಿದು ಹೊರಗೆ ಬಂದಳು. ಹೇಂಟೆಯನ್ನು ನೋಡಿದಳು.

"ಏನಕ್ಕಾ, ಸತ್ತ ಕೋಳಿಗೆ ಅರಿಶಿನ ಹಚ್ಚಿಕೊಂಡು ಬಂದಿದ್ದೀಯ? ಮದುವೆ ಮಾಡ್ತೀಯೇನು?"

ಆಗ ತಾಯಿ ನೋಡಿದಳು. ಬಿಳಿ ರೆಕ್ಕೆಯ ಕೆಳಗೆ ಹಳದಿಯ ಐದು ಗುರುತುಗಳಿದ್ದವು. ಒಣಗಿದ್ದವು. ಹಿಂದಿನ ಸಂಜೆಯವು. ಅವಳು ಮೆಲ್ಲಗೆ ತನ್ನ ಬೆರಳುಗಳನ್ನು ಅವುಗಳ ಮೇಲೆ ಇಟ್ಟಳು. ಹೆಬ್ಬೆರಳಿನ ಮೇಲೆ ಹೆಬ್ಬೆರಳು, ಕಿರುಬೆರಳಿನ ಮೇಲೆ ಕಿರುಬೆರಳು. ಎಲ್ಲ ಸರಿಯಾಗಿ ಕೂತವು.

ಎಸೆಯಲು ಎತ್ತಿದ್ದ ಕೋಳಿಯನ್ನು ಎದೆಗೆ ಒತ್ತಿಕೊಂಡು ಅಂಗಳದಿಂದ ಹಿಂದಕ್ಕೆ ಸರಿದಳು.

"ನಿನ್ನ ಕೋಳಿಗಳನ್ನ ಒಳಕ್ಕೆ ಅಟ್ಟು, ಬೇಗ. ನಾನು ನಿಂತ ಜಾಗಕ್ಕೆ ಸುಣ್ಣದ ನೀರು ಹುಯ್ಯಿ. ಆಮೇಲೆ ನಮ್ಮ ಮನೆಗೆ ಬಾ, ಹುಡುಗಿಗೆ ನೋವು ಬಂದಿದೆ. ಹಿತ್ತಿಲಿಗೆ ಮಾತ್ರ ಕಾಲಿಡಬೇಡ."

"ಮುಳ್ಳು ಜಡಿದಿದ್ದೀಯಲ್ಲ, ಹ್ಯಾಗೆ ಬರಲಿ?"

"ಕೀಳ್ತೀನಿ, ಬಾ."

ತಪ್ಪಾಯಿತು ಎಂದು ಅವಳು ಹೇಳಲಿಲ್ಲ. ಹೇಳುವ ಜಾತಿಯ ಹೆಂಗಸಲ್ಲ. ಮನೆಗೆ ಹೋಗಿ ಕೋಳಿಯನ್ನು ಆಳವಾಗಿ ಹೂತಳು. ಮುಳ್ಳು ಕಿತ್ತಳು. ಉಟ್ಟ ಸೀರೆಯನ್ನು ಬಿಸಿನೀರಿಗೆ ಹಾಕಿದಳು. ಬೂದಿ ಹಾಕಿ ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆದಳು. ಒಳಗೆ ಮಗಳು ಕೂಗುತ್ತಿದ್ದರೂ ಅರಿಶಿನ ಹೋಗುವವರೆಗೆ ಹೊಸಿಲು ದಾಟಲಿಲ್ಲ. ಅಂದಿನಿಂದ ಮೊದಲು ಹೇಂಟೆಗಳಿಗೆ ಹಾಕಿ, ಕೊನೆಗೆ ಹುಂಜದ ಹತ್ತಿರ ಹೋದಳು.

ಹುಂಜ ಉಳಿಯಲಿಲ್ಲ. ಹೇಂಟೆಗಳಲ್ಲಿ ಒಂದು ಉಳಿಯಿತು. ಬಾಣಂತಿಯ ಸಾರಿಗೆ ಕೋಳಿ ಬಂದದ್ದು ಬೇಲಿಯ ಆಚೆಯಿಂದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಪಾಪ, ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲವಲ್ಲ, ಗುರುಗಳೇ" ಎಂದ.

"ಇರಲಿಲ್ಲ. ಅಣ್ಣನ ಮನೆಯಿಂದ ತಮ್ಮನ ಮನೆಗೆ ಹೋಗುವಾಗ ನೀನು ಎಲ್ಲಿ ಕೈ ತೊಳೆದೆ?"