ಇಂಗಿನ ಡಬ್ಬಿಯ ರೀಲಜ್ಜಿ

ಒಂದಾನೊಂದು ಊರಿನಲ್ಲಿ (ಊರು ಒಂದೇ ಇದ್ದುದರಿಂದ ಹಾಗೆನ್ನಬೇಕು, ಎರಡಿದ್ದಿದ್ದರೆ ಕತೆಯೇ ಬೇರೆ) ಚಡಪಡರಾಯ ಅಂತ ಒಬ್ಬ ರಾಜನಿದ್ದ. ಅವನ ರಾಜ್ಯದಲ್ಲಿ ಒಂದೇ ಒಂದು ಕಾನೂನು: ಪಟದಲ್ಲಿ ಇದ್ದದ್ದೇ ದಿಟ. ಪಟಕ್ಕೂ ದಿಟಕ್ಕೂ ಹೊಂದಲಿಲ್ಲವೋ, ದಿಟವನ್ನು ತಿದ್ದಬೇಕು. ಪಟದ ತಂಟೆಗೆ ಹೋಗಬಾರದು.

ಒಮ್ಮೆ ಒಂದು ಮದುವೆಯಲ್ಲಿ ಪಟ ತೆಗೆಯುವ ಹೊತ್ತಿಗೆ ಸರಿಯಾಗಿ ಹೆಣ್ಣು ಸೆರಗು ಸರಿಮಾಡಿಕೊಳ್ಳಲು ಪಕ್ಕಕ್ಕೆ ಸರಿದಳು. ಅಡಿಗೆ ಭಟ್ಟರು ಸೌಟು ಹಿಡಿದು ಅಡ್ಡ ಬಂದರು. ಪಟದಲ್ಲಿ ಗಂಡಿನ ಪಕ್ಕ ಭಟ್ಟರು. ಮುಗಿಯಿತಲ್ಲ! ಗಂಡೂ ಭಟ್ಟರೂ ಸಂಸಾರ ಹೂಡಿದರು. ಹೆಣ್ಣು ಊಟದ ಹೊತ್ತಿಗೆ ಮಾತ್ರ ಬಂದು ಹೋಗುತ್ತಿದ್ದಳು. ಸಾರು ಚೆನ್ನಾಗಿರುತ್ತಿತ್ತು, ಯಾರೂ ದೂರಲಿಲ್ಲ.

ಆ ಊರಿನಲ್ಲಿ ಪಟ ತೆಗೆಯುವವಳು ಮಲ್ಲಾಜಿ. ಅವಳಿಗೆ ನಾಚಿಕೆ ಅಂದರೆ ನಾಚಿಕೆ. ಕನ್ನಡಿಯಲ್ಲಿ ತಾನೇ ಎದುರಾದರೂ ತಲೆ ತಗ್ಗಿಸಿ ದಾರಿ ಬಿಡುತ್ತಿದ್ದಳು. ನಾಲ್ಕು ಜನರ ಮುಂದೆ ನಿಲ್ಲಿಸಿದರೆ ನೆಟ್ಟ ಕಂಬ. ಮಾತು ಗಂಟಲವರೆಗೆ ಬರುತ್ತಿತ್ತು, ಹೊರಗೆ ಜನ ಇರುವುದನ್ನು ನೋಡುತ್ತಿತ್ತು, ವಾಪಸು ಹೋಗುತ್ತಿತ್ತು. ಕ್ಯಾಮೆರಾದ ಹಿಂದೆ ನಿಂತಾಗ ಮಾತ್ರ ಅವಳು ಊರನ್ನು ಕಣ್ತುಂಬ ನೋಡುತ್ತಿದ್ದಳು. ಕ್ಯಾಮೆರಾ ಇಲ್ಲದಿದ್ದರೆ ಅವಳು ಎಲ್ಲಿ ನೋಡಬೇಕೋ ಅವಳಿಗೇ ಗೊತ್ತಿರಲಿಲ್ಲ.

ಹೀಗಿರಲಾಗಿ, ಚಡಪಡರಾಯ ತನ್ನದೊಂದು ಪಟ ತೆಗೆಸಿದ. ಕ್ಯಾಮೆರಾ ಟಕ್ ಅಂದಿತು, ರಾಜನ ರೆಪ್ಪೆ ಪಟ್ ಅಂದಿತು. ಪಟದಲ್ಲಿ ರಾಜ ಕಣ್ಣು ಮುಚ್ಚಿದ್ದ.

"ಮಹಾರಾಜರು ಮಲಗಿದ್ದಾರೆ!" ಎಂದು ಮಂತ್ರಿ ಹೌದಪ್ಪಯ್ಯ ಪಿಸುಗುಟ್ಟಿದ. ಅಂದಿನಿಂದ ಊರಿಗೆ ಊರೇ ಪಿಸುಗುಟ್ಟತೊಡಗಿತು. ಸೊಪ್ಪು ಮಾರುವವಳು ಗಿರಾಕಿಯ ಕಿವಿಗೆ ಬಾಯಿಟ್ಟು "ದಂಟು, ಮೆಂತ್ಯ" ಅನ್ನುತ್ತಿದ್ದಳು. ಕತ್ತೆಗಳಿಗೆ ಒಳಮುಖವಾಗಿ ಕೂಗುವುದನ್ನು ಕಲಿಸಿದರು. ಎಲ್ಲಕ್ಕಿಂತ ಕಷ್ಟದ್ದು, ಒಗ್ಗರಣೆ ನಿಂತುಹೋಯಿತು. ಸಾಸಿವೆ ಸಿಡಿದರೆ ದೊರೆಗೆ ಎಚ್ಚರವಾಗುತ್ತದಲ್ಲ! ಊರೆಲ್ಲ ಚಪ್ಪೆ ಸಾರು.

ಮಲ್ಲಾಜಿಗೆ ಒಳಗೊಳಗೇ ಹಿತವೆನಿಸಿತು. ಈಗ ಎಲ್ಲರೂ ಅವಳಂತೆಯೇ ಮಾತಾಡುತ್ತಿದ್ದರು.

ಆದರೆ ರಾಜನ ಪಾಡು ನೋಡಿ. "ಊಟ ಬಡಿಸ್ರೋ!" ಎಂದು ಅವನು ಕಿರುಚಿದ.

"ಕನವರಿಸ್ತಿದ್ದಾರೆ, ಪಾಪ," ಎಂದ ಮಂತ್ರಿ.

"ನಾನು ಎದ್ದಿದ್ದೀನಯ್ಯಾ! ಹಸಿವು!"

"ಕನಸಿನಲ್ಲೂ ಹಸಿವು, ನೋಡಿ. ದೊರೆಗಳ ಕನವರಿಕೆಯನ್ನೆಲ್ಲಾ ಪಾಲಿಸ್ತೀವಿ ಪ್ರಭು. ಊಟ ಒಂದು ಮಾತ್ರ ಆಗಲ್ಲ. ನಿದ್ದೆಯಲ್ಲಿ ಉಂಡರೆ ನೆತ್ತಿಗೆ ಹತ್ತುತ್ತೆ."

ಹಾಗಾದರೆ ಕಣ್ಣು ಬಿಟ್ಟ ಪಟವೇ ಆಗಬೇಕು. ತೆಗೆದರು. ಟಕ್, ಪಟ್. ಮತ್ತೆ ತೆಗೆದರು. ಟಕ್, ಪಟ್. ರಾಜ್ಯದ ಹೊಸ ರೀಲುಗಳೆಲ್ಲ ಒಂದೊಂದಾಗಿ ರಾಜನ ರೆಪ್ಪೆಗೇ ಖರ್ಚಾದವು. ಕೊನೆಗೆ ರಾಜ ಮಲ್ಲಾಜಿಯನ್ನು ಕರೆಸಿ ಕನವರಿಸಿದ: "ಏ ಹುಡುಗಿ, ಇನ್ನೊಂದೇ ಒಂದು ಸಲ. ಕಣ್ಣು ಬಿಟ್ಟಿರೋ ಪಟ ಬಂದರೆ ಅರ್ಧ ರಾಜ್ಯ ನಿಂಗೆ. ಮೇಲಿನರ್ಧವೋ ಕೆಳಗಿನರ್ಧವೋ ಕೇಳಬೇಡ. ಬರಲಿಲ್ಲವೋ, ನಿನ್ನ ಕ್ಯಾಮೆರಾದ ಕಣ್ಣನ್ನು ಹೊಲಿಸಿಬಿಡ್ತೀನಿ!"

ಅರಮನೆಯ ದರ್ಜಿ ಪಕ್ಕದಲ್ಲೇ ಕೂತು ಸೂಜಿಗೆ ನೂಲು ಪೋಣಿಸತೊಡಗಿದ.

ಮಲ್ಲಾಜಿ ಮನೆಗೆ ಓಡಿದಳು. ಕಪಾಟು ಹುಡುಕಿದಳು, ಮಂಚದಡಿ ಹುಡುಕಿದಳು, ರೀಲಿಲ್ಲ. ಕಡೆಗೆ ಅಡಿಗೆಮನೆಯಲ್ಲಿ ಇಂಗಿನ ಡಬ್ಬಿ ತೆಗೆದರೆ ಒಳಗೊಂದು ರೀಲು! ಅದನ್ನು ಬಳಸಬೇಕಾದ ಅವಧಿ ಅವಳು ಹುಟ್ಟುವ ಮೊದಲೇ ಮುಗಿದಿತ್ತು. ಸುತ್ತಿದ್ದ ಕಾಗದದ ಮೇಲೆ ತಾರೀಖೂ ಇತ್ತು.

"ಅವಧಿ ಮೀರಿದೆ," ಎಂದು ಮಲ್ಲಾಜಿ ನಿಟ್ಟುಸಿರಿಟ್ಟಳು.

"ಮೀರಿದ್ದು ಕಾಗದಕ್ಕೆ ಕಣೇ, ನನಗಲ್ಲ," ಎಂದಿತು ರೀಲು. "ಯಾರ ಮನೆಯವಳೇ ನೀನು? ನಮ್ಮ ಪುಟ್ಟಸಿದ್ದಪ್ಪನ ಮೊಮ್ಮಗಳಾ? ಅದಕ್ಕೇ ಮೂಗು ಹಾಗಿದೆ. ನನ್ನ ಇಲ್ಲಿಟ್ಟೋನು ಅವನೇ. ಇಲಿ ಬರಲ್ಲ, ಇಂಗಿನ ವಾಸನೆಗೆ."

ರೀಲಿನ ಮುಂದೆ ಮಲ್ಲಾಜಿಗೆ ನಾಚಿಕೆಯಾಗಲಿಲ್ಲ. ಎಲ್ಲ ಹೇಳಿದಳು. ರೀಲಜ್ಜಿ ಕೇಳಿಸಿಕೊಂಡು ನಕ್ಕಿತು.

"ಈಗಿನ ರೀಲುಗಳು ಬೆಳಕನ್ನ ಒಂದೇ ಗುಟುಕಿಗೆ ನುಂಗ್ತವೆ. ಅದಕ್ಕೇ ರೆಪ್ಪೆ ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ನನಗೆ ವಯಸ್ಸಾಯ್ತು, ಬೆಳಕು ಬೇಗ ಅರಗಲ್ಲ. ಒಂದೊಂದೇ ತುತ್ತು ಕೊಡು, ಹಲ್ಲಿಲ್ಲದೋರಿಗೆ ಕೊಟ್ಟ ಹಾಗೆ. ನಿಧಾನಕ್ಕೆ ತಿಂತೀನಿ. ಆ ರೆಪ್ಪೆ ಎಷ್ಟು ಸಲ ಬಡಿದರೂ ನನ್ನ ಗಮನಕ್ಕೇ ಬರಲ್ಲ."

ಮರುದಿನ, ಬೆಳಗಿನ ಹಾಲು ಉಕ್ಕುವ ಹೊತ್ತಿಗೆ, ರಾಜನನ್ನು ಸಿಂಹಾಸನದ ಮೇಲೆ ಕೂರಿಸಿದರು. ಮಲ್ಲಾಜಿ ಕ್ಯಾಮೆರಾದ ಮುಚ್ಚಳ ತೆಗೆದಳು.

"ಯಾರ ಮನೆಯವನಪ್ಪಾ ನೀನು?" ಒಳಗಿಂದ ರೀಲಜ್ಜಿ ಕೇಳಿತು.

"ಅರಮನೆಯವನು!" ರಾಜ ಗದರಿದ.

"ಅದು ಕಟ್ಟಡ ಆಯ್ತು. ಮನೆ ಯಾರದು?"

"ನಾನು ಈ ದೇಶದ ದೊರೆ!"

"ಅದು ಕೆಲಸ ಆಯ್ತು. ಇರಲಿ, ಅಲ್ಲಾಡದೆ ಕೂತ್ಕೋ. ಇನ್ನೂ ನಿನ್ನ ಕಿರೀಟದ ತುದಿಯನ್ನೇ ತಿಂದು ಮುಗಿಸಿಲ್ಲ."

ಹಸಿದ ರಾಜನಿಗೆ ಜೋಂಪು ಹತ್ತತೊಡಗಿತು. ಅವನ ಕಣ್ಣು ತೆರೆದಿರಲಿ ಅಂತ ಮಂತ್ರಿ ಒಂದು ಉಪಾಯ ಮಾಡಿದ. ತುಪ್ಪ ಸುರಿದ ಬಿಸಿ ಒಬ್ಬಟ್ಟಿನ ತಟ್ಟೆ ತರಿಸಿದ. "ಮಲಗಿದವರಿಗೆ ಬಡಿಸುವಂತಿಲ್ಲ. ತೋರಿಸಬಹುದು. ನೋಡಮ್ಮಾ, ಇದನ್ನ ಹಿಡಿದು ಪಕ್ಕದಲ್ಲಿ ನಿಂತ್ಕೋ."

ಮಲ್ಲಾಜಿ ಕ್ಯಾಮೆರಾದ ಮುಂದೆ! ಹುಟ್ಟಿದಾಗಿನಿಂದ ಅವಳು ಆ ಕಡೆ ನಿಂತವಳೇ ಅಲ್ಲ. ಆಸ್ಥಾನದ ಅಷ್ಟೂ ಜನ ನೋಡುತ್ತಿದ್ದಾರೆ. ನೆಟ್ಟ ಕಂಬವಾದಳು. ರೆಪ್ಪೆಯಿರಲಿ, ಜಡೆಯ ತುದಿಯೂ ಅಲ್ಲಾಡಲಿಲ್ಲ.

ರಾಜನ ಕಣ್ಣು ತೆರೆಯಿತು, ನಿಜ. ಆದರೆ ಒಬ್ಬಟ್ಟಿನ ಹಬೆ ಎಡಕ್ಕೆ ವಾಲಿದರೆ ರಾಜನ ಮೂಗು ಎಡಕ್ಕೆ. ಹಬೆ ಬಲಕ್ಕೆ ಹೋದರೆ ಮೂಗು ಬಲಕ್ಕೆ. ಮೂಗಿನ ಹಿಂದೆ ತಲೆ, ತಲೆಯ ಹಿಂದೆ ಕಿರೀಟ. ದನಗಳು ಮನೆಗೆ ಬರುವ ಹೊತ್ತಾಯಿತು. ಆಗ ರೀಲಜ್ಜಿ "ಸಾಕಮ್ಮ, ಹೊಟ್ಟೆ ತುಂಬ್ತು" ಎಂದಿತು.

ರೀಲು ತೊಳೆದರು. ಪಟ ಬಂತು. ಚೌಕದಲ್ಲಿ ತೂಗುಹಾಕಿದರು. ಊರೆಲ್ಲ ಸೇರಿತು.

ಪಟದಲ್ಲಿ ಸಿಂಹಾಸನ ಇತ್ತು, ಅದರ ಕಾಲಿನ ಗೆದ್ದಲು ತೂತುಗಳೂ ಎಣಿಸುವಷ್ಟು ಸ್ಪಷ್ಟ. ಪಕ್ಕದಲ್ಲಿ ತಟ್ಟೆ ಹಿಡಿದ ಮಲ್ಲಾಜಿ. ರಾಜ ಇರಲಿಲ್ಲ. ಕಣ್ಣು ಬಿಟ್ಟೂ ಇರಲಿಲ್ಲ, ಮುಚ್ಚಿಯೂ ಇರಲಿಲ್ಲ.

"ಅಲ್ಲಾಡೋದನ್ನೆಲ್ಲಾ ನಾನು ತಿನ್ನಲ್ಲ," ಎಂದಿತು ರೀಲಜ್ಜಿ, ಪಕ್ಕದಲ್ಲೇ ಒಣಹಾಕಿದ್ದ ಹಗ್ಗದ ಮೇಲಿಂದ.

ಮಂತ್ರಿ ಗಂಟಲು ಸರಿಮಾಡಿಕೊಂಡ. "ಮಹಾರಾಜರು ಇಲ್ಲ."

"ಇಲ್ಲೇ ಇದ್ದೀನಲ್ಲಯ್ಯಾ! ನಿನ್ನ ಕಾಲು ತುಳೀತಾ ಇದ್ದೀನಿ!"

"ಯಾಕೋ ಕಾಲು ನೋಯ್ತಿದೆ," ಎಂದ ಮಂತ್ರಿ. "ಚಳಿಗಾಲ ಬಂತು ಅನ್ಸುತ್ತೆ."

ದರ್ಜಿ ಸೂಜಿಯಿಂದ ನೂಲು ಎಳೆದುಬಿಟ್ಟ. "ಇಲ್ಲದವರ ಅಪ್ಪಣೆಗೆ ನೂಲು ಯಾಕೆ ದಂಡ?"

ಮಲ್ಲಾಜಿಯ ಎದೆ ಹಗುರಾಯಿತು. ಅದುವರೆಗೂ ಹಿಡಿದೇ ಇದ್ದ ತಟ್ಟೆ ಕೆಳಗಿಟ್ಟು ಕ್ಯಾಮೆರಾದ ಕಡೆ ಕೈ ಚಾಚಿದಳು. ಮಂತ್ರಿ ಅಡ್ಡ ಬಂದ.

"ಎಲ್ಲಿಗೆ ತಾಯೀ? ಪಟದಲ್ಲಿ ನೀವು ಸಿಂಹಾಸನದ ಪಕ್ಕ ಇದ್ದೀರಿ. ತಟ್ಟೆ ಹಿಡಿದಿದ್ದೀರಿ. ಇನ್ನು ಮೇಲೆ ಅಲ್ಲೇ, ಹಾಗೇ. ಅಪ್ಪಣೆ ಕೊಡೋದೂ ನೀವೇ."

"ನನ್ನ ಕ್ಯಾಮೆರಾ?"

"ಪಟದಲ್ಲಿ ಕ್ಯಾಮೆರಾ ಎಲ್ಲಿದೆ?"

ಇರಲಿಲ್ಲ. ಪಟ ತೆಗೆದ ಕ್ಯಾಮೆರಾ ಪಟದೊಳಗೆ ಹೇಗಿದ್ದೀತು? ಇಲ್ಲದ ಕ್ಯಾಮೆರಾವನ್ನು ಇಬ್ಬರು ಆಳುಗಳು ಎತ್ತಿ ಊರಾಚೆ ಎಸೆಯಲು ಹೊರಟರು. ಕಣ್ಣು ಹೊಲಿಸಿದ್ದರೆ ಬಿಚ್ಚಲಾದರೂ ಆಗುತ್ತಿತ್ತು!

ಮಲ್ಲಾಜಿ ಹಗ್ಗದ ಕಡೆ ನೋಡಿದಳು. ರೀಲಜ್ಜಿ ನರಳುತ್ತಿತ್ತು. "ಅಯ್ಯೋ, ಇಷ್ಟು ಬೆಳಕು ತಿನ್ನಬಾರದಿತ್ತು ಕಣೇ. ಸಿಂಹಾಸನ ಹೊಟ್ಟೆಯಲ್ಲಿ ಹಾಗೇ ಕೂತಿದೆ. ಅರಗಿದ್ದರೆ ಏನೂ ಉಳೀತಿರಲಿಲ್ಲ."

ಅರಗಿದ್ದರೆ! ಮಲ್ಲಾಜಿಯ ಮಾತು ಗಂಟಲವರೆಗೆ ಬಂತು. ಹೊರಗೆ ಜನ ಇರುವುದನ್ನು ನೋಡಿತು. ಊರಿಗೆ ಊರೇ ಇತ್ತು. ಈ ಸಲ ವಾಪಸು ಹೋಗಲಿಲ್ಲ.

"ಒಗ್ಗರಣೆ ಹಾಕ್ರೀ!" ಅವಳು ಕೂಗಿದಳು. "ಎಲ್ಲರ ಮನೇಲೂ! ಇಂಗು ಜಾಸ್ತಿ ಹಾಕಿ!"

ಪಿಸುಗುಟ್ಟಿ ಪಿಸುಗುಟ್ಟಿ ಬೇಸತ್ತಿದ್ದ ಊರು ಒಮ್ಮೆಲೇ ಓಡಿತು. ಮನೆಮನೆಯಲ್ಲೂ ಬಾಣಲೆ ಕಾಯಿತು, ಸಾಸಿವೆ ಚಟಪಟ ಸಿಡಿಯಿತು. ಕರಿಬೇವು ಚುರ್ ಅಂದಿತು. ಕತ್ತೆಗಳು ಹೊರಮುಖವಾಗಿ ಕೂಗಿದವು. ಇಂಗಿನ ಘಮ ಬೀದಿ ತುಂಬಿ, ಚೌಕ ತುಂಬಿ, ಹಗ್ಗದ ಮೇಲಿದ್ದ ರೀಲಜ್ಜಿಯ ಮೂಗಿಗೆ ಮುಟ್ಟಿತು.

"ಹಾ... ನಮ್ಮ ಮನೆ ವಾಸನೆ," ಎಂದಿತು ರೀಲಜ್ಜಿ. ಆಮೇಲೆ ಒಂದು ತೇಗು ತೇಗಿತು. ಊರಿನ ಹೆಂಚುಗಳು ನಡುಗುವಂಥ ತೇಗು.

ಚೌಕದ ಪಟದಲ್ಲಿ ಮೊದಲು ಗೆದ್ದಲು ತೂತುಗಳು ಕರಗಿದವು. ಆಮೇಲೆ ಸಿಂಹಾಸನ. ಆಮೇಲೆ ಮಲ್ಲಾಜಿ. ಕಡೆಗೆ ತಟ್ಟೆ. ಒಬ್ಬಟ್ಟು ಸ್ವಲ್ಪ ತಡವಾಯಿತು, ತುಪ್ಪ ಜಾಸ್ತಿಯಿತ್ತಲ್ಲ. ಪಟ ಬೆಳ್ಳಗಾಯಿತು.

ಮಂತ್ರಿ ಹತ್ತಿರ ಹೋಗಿ ನೋಡಿದ. ಮೂಲೆ ನೋಡಿದ. ಹಿಂಬದಿ ನೋಡಿದ. "ಯಾರೂ ಇಲ್ಲ," ಎಂದ. ಆಮೇಲೆ ಮೆಲ್ಲಗೆ, "ನಾನೂ ಇಲ್ಲ!" ಎಂದ. ರುಮಾಲು ಬಿಚ್ಚಿ ತಲೆ ಕೆರೆದುಕೊಂಡ. ಎಷ್ಟು ಕಾಲದಿಂದ ಕೆರೆಯಬೇಕಿತ್ತೋ! ಇಲ್ಲದ ಆಳುಗಳು ಇಲ್ಲದ ಕ್ಯಾಮೆರಾವನ್ನು ಇಲ್ಲದ ಮಲ್ಲಾಜಿಯ ಕೈಗೆ ಕೊಟ್ಟು, ಒಗ್ಗರಣೆ ಆರುವ ಮೊದಲೇ ಅಂತ ಮನೆಗೆ ಓಡಿದರು.

ಮಲ್ಲಾಜಿ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು, ರೀಲಜ್ಜಿಯನ್ನು ಸುತ್ತಿ ಸೆರಗಿಗೆ ಕಟ್ಟಿಕೊಂಡು, ಒಬ್ಬಟ್ಟಿನ ತಟ್ಟೆಯನ್ನೂ ಎತ್ತಿಕೊಂಡು ಮನೆಗೆ ಬಂದಳು. ಬಾಗಿಲಲ್ಲಿ ಯಾರೋ ನಿಂತಿದ್ದರು. ಕಿರೀಟವನ್ನು ಕಂಕುಳಲ್ಲಿ ಇರುಕಿಕೊಂಡಿದ್ದರು.

"ಯಾರ ಮನೆಯವನಪ್ಪಾ ನೀನು?" ರೀಲಜ್ಜಿ ಸೆರಗಿನಿಂದ ಕೇಳಿತು.

"ಯಾರ ಮನೆಯವನೂ ಅಲ್ಲ ಅಜ್ಜಿ," ಎಂದ ಚಡಪಡರಾಯ. "ಹಸಿವಾಗಿತ್ತು, ಬಂದೆ."

"ಹಾಗೆ ಹೇಳು ಮತ್ತೆ! ಮಲ್ಲಾಜಿ, ಎಲೆ ಹಾಕೇ."

ಅವನು ಒಬ್ಬಟ್ಟಿನ ಮೇಲೆ ಒಬ್ಬಟ್ಟು ತಿಂದ. ಅಲ್ಲಾಡದೆ ಕೂತು ತಿಂದ. "ಇನ್ನೊಂದು ಹಾಕ್ಲಾ?" ಎಂದು ಮಲ್ಲಾಜಿ ಬೀದಿಗೆ ಕೇಳುವಂತೆ ಕೇಳಿದಳು. ಆಮೇಲೆ ಅವನ ಮುಖವನ್ನು, ಕ್ಯಾಮೆರಾ ಇಲ್ಲದೆಯೇ, ಸುಮ್ಮನೆ ನೋಡಿದಳು. ಅವನ ಕಣ್ಣು ಮುಚ್ಚಿತ್ತು. ಒಬ್ಬಟ್ಟು ಅಷ್ಟು ಚೆನ್ನಾಗಿತ್ತು.

ಈ ಕತೆಯ ನೀತಿ ಏನಪ್ಪಾ ಅಂದರೆ, ಮದುವೆಯಲ್ಲಿ ಪಟ ತೆಗೆಸುವಾಗ ಅಡಿಗೆ ಭಟ್ಟರು ಎಲ್ಲಿದ್ದಾರೆ ನೋಡಿಕೊಳ್ಳಿ. ಕತೆ ಅರಗಿತು, ಕೈ ತೊಳೆಯಿರಿ.