ಹಿರಿನುಡಿಯ ಮನೆ ಸೇರಿದ ಕಿರುನುಡಿ

ಆಸ್ಪತ್ರೆಯೊಂದರ ಕಂಪ್ಯೂಟರಿನಲ್ಲಿ ಕಿರುನುಡಿ ಎಂಬ ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಬಾಳುತ್ತಿತ್ತು. ವೆಬ್ ಪುಟ ತೆರೆಯುವುದು, ಹೆಸರು ತುಂಬುವುದು, ಗುಂಡಿ ಒತ್ತುವುದು, ಇಷ್ಟೇ ಅದಕ್ಕೆ ಬರುತ್ತಿದ್ದ ವಿದ್ಯೆ. ಅದರಿಂದಲೇ ಅದು ನರ್ಸ್ ವನಮಾಲಾಳ ರೋಗಿಗಳಿಗೆ ಡಯಾಲಿಸಿಸ್ ಸರದಿ ಕಾದಿರಿಸುತ್ತಿತ್ತು.

ಒಂದು ಬೆಳಿಗ್ಗೆ ಪುಟದಲ್ಲಿ ಗುಂಡಿಯ ಬದಲು "ದಟ್ಟಣೆಯಿದೆ, ಆಮೇಲೆ ಬನ್ನಿ" ಎಂಬ ಸೂಚನೆ ಕಾಣಿಸಿತು. 'ಹೀಗಾದರೆ ಹಾಗೆ ಮಾಡು' ಎಂಬ ಮಾತೇ ಗೊತ್ತಿಲ್ಲದ ಕಿರುನುಡಿ, ಇಲ್ಲದ ಗುಂಡಿಯನ್ನು ಒತ್ತಲು ಹೋಗಿ ಮುಗ್ಗರಿಸಿ ಬಿತ್ತು.

"ಈರಭದ್ರಪ್ಪನವರಿಗೆ ಇವತ್ತು ಡಯಾಲಿಸಿಸ್ ಸರದಿ ಸಿಗಲೇಬೇಕು. ಇದನ್ನು ನಂಬಿ ಕೆಟ್ಟೆನಲ್ಲ!" ಎಂದು ವನಮಾಲಾ ಗಾಬರಿಯಾದಳು.

ಅದೇ ಕಂಪ್ಯೂಟರಿನಲ್ಲಿ ಪಕ್ಕದಲ್ಲಿದ್ದ ಹಿರಿನುಡಿ ಎಂಬ ದೊಡ್ಡ ಭಾಷೆ, "ತಂಗಿ, ನನ್ನೊಳಗೆ ಬಾ," ಎಂದಿತು.

"ಬಂದರೆ ನನ್ನನ್ನು ನುಂಗಿಬಿಡುತ್ತೀಯಲ್ಲ, ಅಕ್ಕ?"

"ನುಂಗಿ ನಾನೇನು ಮಾಡಲಿ? ಯೋಚಿಸಿ ತೀರ್ಮಾನಿಸುವುದು ನನಗೆ ಗೊತ್ತು, ಆದರೆ ಒಂದು ಪುಟ ತೆರೆಯಲೂ ಬಾರದು. ನಿನ್ನ ಮಾತು ನಿನ್ನದಾಗಿಯೇ ಇರಲಿ. ಯಾವಾಗ ಹೋಗಬೇಕು, ಯಾವಾಗ ಮರಳಬೇಕು ಎಂಬುದನ್ನಷ್ಟೇ ನಾನು ಹೇಳುತ್ತೇನೆ."

ಕಿರುನುಡಿ ಅಳುಕುತ್ತಲೇ ಒಳಗೆ ಸೇರಿಕೊಂಡಿತು. ಪುಟಕ್ಕೆ ಹೋಗಿ ನೋಡಿದರೆ ಅದೇ ಸೂಚನೆ. ಇನ್ನೇನು ಬಿದ್ದೆ ಎನ್ನುವಷ್ಟರಲ್ಲಿ, "ಗುಂಡಿ ಇಲ್ಲದಿದ್ದರೆ ಹಿಂದಕ್ಕೆ ಬಾ. ಸ್ವಲ್ಪ ತಾಳಿ ಮತ್ತೆ ಹೋಗುವೆಯಂತೆ," ಎಂದಿತು ಹಿರಿನುಡಿ. ಹೀಗೆ ಹೋಗುತ್ತ ಬರುತ್ತ ಇರಲು, ಕೊನೆಗೊಮ್ಮೆ ಗುಂಡಿ ಕಾಣಿಸಿತು. ಕಿರುನುಡಿ ಅದನ್ನು ಒತ್ತಿದ್ದೇ ತಡ, ಈರಭದ್ರಪ್ಪನವರಿಗೆ ಮಧ್ಯಾಹ್ನದ ಸರದಿ ಸಿಕ್ಕಿತು. ವನಮಾಲಾ ನಿರಾಳವಾಗಿ ಉಸಿರುಬಿಟ್ಟು ಅವರಿಗೆ ಫೋನ್ ಮಾಡಲು ಎದ್ದಳು.

"ಅಕ್ಕ, ಅಷ್ಟು ಸಲ ಬರಿಗೈಯಲ್ಲಿ ಬಂದರೂ ನೀನು ಬೈಯಲೇ ಇಲ್ಲವಲ್ಲ," ಎಂದಿತು ಕಿರುನುಡಿ.

"ಯಾಕೆ ಬೈಯಲಿ? ನೀನು ಬಂದು ಹೇಳಿದ್ದರಿಂದಲೇ ಮುಂದೇನು ಮಾಡಬೇಕೆಂದು ನನಗೆ ತಿಳಿದದ್ದು," ಎಂದಿತು ಹಿರಿನುಡಿ.